ದೋಣಿಯ ಮೋಟಾರು: ಕೈಯಾರೆ ದುರಸ್ತಿಯೇ, ಅಂಗಡಿಗೆ ಕೂಲಿಯೇ?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಕರಾವಳಿಯವರು ಬಹುಮಂದಿ. ಅವರಲ್ಲಿ ಹಲವರ ಮನೆಯಲ್ಲಿ ಅಣ್ಣನೋ ತಮ್ಮನೋ ಭಾವನೋ ಇಂದಿಗೂ ನಾಡದೋಣಿಯಲ್ಲಿ ಕಡಲಿಗೆ ಇಳಿಯುವವರಾಗಿದ್ದಾರೆ. ಮಳೆಗಾಲ ಸಮೀಪಿಸಿತೆಂದರೆ ಊರಿನ ಸುದ್ದಿಯಲ್ಲಿ ಒಂದು ಮಾತು ತಪ್ಪದೆ ಇರುತ್ತದೆ. ಹಿಂದೆ ಅದು ಕಾಗದದಲ್ಲಿ ಬರುತ್ತಿತ್ತು, ಈಗ ಫೋನಿನಲ್ಲಿ ಬರುತ್ತದೆ: “ದೋಣಿಯ ಮೋಟಾರು ಕೆಟ್ಟು ಕೂತಿದೆ, ಏನಾದರೂ ಕಳುಹಿಸು.” ಇಲ್ಲಿ ಆಫೀಸಿನಲ್ಲಿಯೋ ಹೋಟೆಲಿನಲ್ಲಿಯೋ ಗೋದಾಮಿನಲ್ಲಿಯೋ ದುಡಿಯುವವನು ಸಂಬಳದ ಒಂದು ಪಾಲನ್ನು ಕಳುಹಿಸಿಕೊಡುತ್ತಾನೆ. ಆ ಹಣ ಮೋಟಾರಿನ ಯಾವ ಭಾಗಕ್ಕೆ ಹೋಯಿತು, ಅಂಗಡಿಗೇ ಹೋಗಬೇಕಾಗಿತ್ತೇ, ಎಂಬುದು ಕಳುಹಿಸಿದವನಿಗೂ ತಿಳಿಯದು. ಎಷ್ಟೋ ಸಲ ಅಂಗಡಿಗೆ ಕೊಟ್ಟುಬಂದವನಿಗೂ ತಿಳಿಯದು.

ಯಾವ ದುರಸ್ತಿಯನ್ನು ದೋಣಿಯವರು ತಾವೇ ಮಾಡಿಕೊಳ್ಳಬಹುದು, ಯಾವುದನ್ನು ಹಣ ಕೊಟ್ಟಾದರೂ ಬಲ್ಲವರಿಂದ ಮಾಡಿಸತಕ್ಕದ್ದು, ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದೇ ಈ ಪಾಠದ ವಿಷಯ. ಘಟ್ಟದ ಮೇಲಿನ ವಾಚಕರು ಇದು ತಮಗಲ್ಲವೆಂದು ಪುಟ ತಿರುವಬೇಕಾಗಿಲ್ಲ. ಹೊಲದ ಪಂಪುಸೆಟ್ಟಿಗೂ ಊರಿನ ಹಿಟ್ಟಿನ ಗಿರಣಿಗೂ ಇದೇ ಪ್ರಶ್ನೆ, ಬಹುಮಟ್ಟಿಗೆ ಇದೇ ಉತ್ತರ.

೧. ಎಂಜಿನು ಕೂರುವ ಮೂರು ಜಾಗಗಳು

ದೋಣಿಗೆ ಎಂಜಿನನ್ನು ಮೂರು ಬಗೆಯಲ್ಲಿ ಕೂರಿಸುತ್ತಾರೆ. ಮೊದಲನೆಯದು ಒಳ ಎಂಜಿನು. ಇದು ದೋಣಿಯ ಹೊಟ್ಟೆಯಲ್ಲಿ ಕೂತಿರುತ್ತದೆ. ಉದ್ದನೆಯ ಷಾಫ್ಟು ತಳವನ್ನು ತೂರಿಕೊಂಡು ಹೊರಗೆ ಹೋಗಿ ಪ್ರೊಪೆಲ್ಲರನ್ನು, ದೋಣಿಯವರ ಮಾತಿನಲ್ಲಿ ಫ್ಯಾನನ್ನು, ತಿರುಗಿಸುತ್ತದೆ. ನಮ್ಮ ಟ್ರಾಲರುಗಳದ್ದು ಈ ಬಗೆ.

ಎರಡನೆಯದು ಹೊರ ಎಂಜಿನು, ಎಂದರೆ ಔಟ್‌ಬೋರ್ಡ್ ಮೋಟಾರು. ಎಂಜಿನು, ಗೇರು, ಫ್ಯಾನು ಮೂರೂ ಒಂದೇ ಕಂಬದಂತೆ ಜೋಡಣೆಯಾಗಿ ದೋಣಿಯ ಹಿಂಬದಿಗೆ ತೂಗಿಕೊಂಡಿರುತ್ತವೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲಸಿದ ಓಲೆ ಎವಿನ್‌ರೂಡ್ ಎಂಬಾತ ೧೯೦೯ರಲ್ಲಿ ಮಿಲ್ವಾಕಿ ನಗರದಲ್ಲಿ ಇಂಥ ಮೋಟಾರುಗಳನ್ನು ಮಾರಾಟಕ್ಕೆ ತಂದನು. ಇದನ್ನು ಇಬ್ಬರು ಎತ್ತಿ ದಡಕ್ಕೆ ತರಬಹುದು. ಮನೆಯ ಜಗಲಿಯಲ್ಲಿಟ್ಟು ಬಿಚ್ಚಬಹುದು. ನಮ್ಮ ನಾಡದೋಣಿಗಳಿಗೆ ಒಗ್ಗಿರುವುದು ಇದೇ.

ಮೂರನೆಯದು ಇವೆರಡರ ಬೆರಕೆ; ಸ್ಟರ್ನ್‌ಡ್ರೈವ್ ಎಂದು ಹೆಸರು. ಎಂಜಿನು ದೋಣಿಯ ಒಳಗೆ, ಗೇರೂ ಫ್ಯಾನೂ ಇರುವ ಕಾಲು ಹೊರಗೆ. ಸ್ವೀಡನ್ ದೇಶದ ವೋಲ್ವೊ ಪೆಂಟಾ ಕಂಪೆನಿಯವರು ೧೯೫೯ರಲ್ಲಿ ಆಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಇದನ್ನು ಪೇಟೆಗೆ ತಂದರು. ವಿಹಾರದ ದೋಣಿಗಳಲ್ಲಿ ಇದರ ಬಳಕೆ ಹೆಚ್ಚು. ಎಂಜಿನಿನಿಂದ ಕಾಲಿಗೆ ಶಕ್ತಿ ಹೋಗುವಲ್ಲಿ ದೋಣಿಯ ಹಿಂಗೋಡೆಗೆ ದೊಡ್ಡ ತೂತು ಇರಲೇಬೇಕಷ್ಟೆ. ಆ ತೂತಿನ ಸುತ್ತ ಹಾರ್ಮೋನಿಯಮ್ಮಿನ ತಿದಿಯಂತೆ ನೆರಿಗೆ ನೆರಿಗೆಯಾದ ರಬ್ಬರಿನ ಕೊಳವೆಯೊಂದಿದೆ. ನೀರಿನ ಮಟ್ಟಕ್ಕಿಂತ ಕೆಳಗಿರುವ ಈ ರಬ್ಬರು ಹರಿದರೆ ನೀರು ದೋಣಿಯ ಒಳಗೇ ನುಗ್ಗುತ್ತದೆ. ಕಟ್ಟಿಹಾಕಿದ ದೋಣಿ ಕಟ್ಟಿದ ಜಾಗದಲ್ಲಿಯೇ ಮುಳುಗಬಹುದು. ಒಂದು ತುಂಡು ರಬ್ಬರಿನ ಬೆಲೆಗೂ ಅದು ಕಾಯುತ್ತಿರುವ ದೋಣಿಯ ಬೆಲೆಗೂ ಎಲ್ಲಿಯ ಹೋಲಿಕೆ? ಭಾಗದ ಬೆಲೆಯನ್ನು ನೋಡಿ ಕೆಲಸದ ಗಾಂಭೀರ್ಯವನ್ನು ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಔಟ್‌ಬೋರ್ಡ್ ಮೋಟಾರಿಗೆ ಬರೋಣ.

೨. ಮಳೆಗಾಲದ ಪ್ರಶ್ನೆ

ಕರ್ನಾಟಕದ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ೧೦ ಅಶ್ವಶಕ್ತಿಗೆ ಮೀರದ ಮೋಟಾರಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಆದುದರಿಂದ ದೊಡ್ಡ ದೋಣಿಗಳೆಲ್ಲ ಬಂದರಿನಲ್ಲಿ ಲಂಗರು ಹಾಕಿರುವಾಗ ಸಣ್ಣವರಿಗೆ ನಾಲ್ಕು ಕಾಸು ಕಾಣುವ ಕಾಲ ಇದೇ. ಕಡಲು ಅತ್ಯಂತ ಕೆರಳಿರುವ ಕಾಲವೂ ಇದೇ.

ಅಳಿವೆಯ ಬಾಯಲ್ಲಿ ತೆರೆಗಳು ಒಡೆಯುತ್ತಿರುವಾಗ ದೋಣಿಯ ಮೂತಿಯನ್ನು ತೆರೆಗೆ ಎದುರಾಗಿ ಹಿಡಿದಿರುವುದು ಮೋಟಾರಿನ ತಳ್ಳುವಿಕೆ. ಅಲ್ಲಿ ಅದು ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಗೆ ಮುಂದಿನ ತೆರೆ ತುಂಬುತ್ತದೆ ಅಥವಾ ಅದನ್ನು ಮಗುಚುತ್ತದೆ. ಪೇಟೆಯಲ್ಲಿ ಸ್ಕೂಟರು ನಿಂತರೆ ತಳ್ಳಿಕೊಂಡು ಹೋಗಬಹುದು. ಅಳಿವೆಯಲ್ಲಿ ಮೋಟಾರು ನಿಂತರೆ ನಾಲ್ವರ ಪ್ರಾಣದ ಮಾತು. ದುರಸ್ತಿ ಯಾರು ಮಾಡಬೇಕೆಂಬ ಪ್ರಶ್ನೆಯನ್ನು ಕಾಸಿನ ಲೆಕ್ಕದಿಂದ ಮಾತ್ರ ಬಿಡಿಸಲಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೩. ಮೋಟಾರಿನ ಮೂರು ಅಂತಸ್ತುಗಳು

ಮೋಟಾರನ್ನು ಮೂರು ಅಂತಸ್ತಿನ ಮನೆಯೆಂದು ಭಾವಿಸೋಣ. ಮೇಲಿನ ಅಂತಸ್ತಿನಲ್ಲಿ ಎಂಜಿನು: ಸಿಲಿಂಡರು, ಪಿಸ್ಟನ್ನು, ಕಾರ್ಬುರೇಟರು, ಪ್ಲಗ್ಗು. ನಡುವಿನ ಅಂತಸ್ತಿನಲ್ಲಿ ಒಂದು ನೆಟ್ಟನೆಯ ಷಾಫ್ಟು ಕೆಳಗಿಳಿಯುತ್ತದೆ. ಹೊಗೆಯೂ ಇದೇ ದಾರಿಯಲ್ಲಿ ಹೊರಹೋಗುತ್ತದೆ. ಕೆಳಗಿನ ಅಂತಸ್ತು ಸದಾ ನೀರಿನಲ್ಲಿ ಮುಳುಗಿರುವ ಗೇರ್‌ಪೆಟ್ಟಿಗೆ. ನೆಟ್ಟನೆಯ ತಿರುಗುವಿಕೆಯನ್ನು ಇಲ್ಲಿಯ ಹಲ್ಲುಚಕ್ರಗಳು ಅಡ್ಡಕ್ಕೆ ತಿರುಗಿಸಿ ಫ್ಯಾನಿಗೆ ಕೊಡುತ್ತವೆ.

ಗೇರ್‌ಪೆಟ್ಟಿಗೆಯ ನೆತ್ತಿಯ ಮೇಲೆ ಒಂದು ಸಣ್ಣ ನೀರಿನ ಪಂಪು ಇದೆ. ರಬ್ಬರಿನ ರೆಕ್ಕೆಗಳಿರುವ ಚಕ್ರವೊಂದು, ಇದಕ್ಕೆ ಇಂಪೆಲ್ಲರ್ ಎಂದು ಹೆಸರು, ಷಾಫ್ಟಿನೊಡನೆ ತಿರುಗಿ ಕಡಲ ನೀರನ್ನು ಹೀರಿ ಮೇಲಿನ ಎಂಜಿನಿಗೆ ಕಳುಹಿಸಿ ತಂಪು ಮಾಡುತ್ತದೆ. ಈ ನೀರಿನ ಒಂದು ಎಳೆ ಮೋಟಾರಿನ ಹಿಂದಿನ ಸಣ್ಣ ತೂತಿನಿಂದ ಹೊರಕ್ಕೆ ಚಿಮ್ಮುತ್ತಿರುತ್ತದೆ. ಆ ಧಾರೆ ವೈದ್ಯನಿಗೆ ಸಿಗುವ ನಾಡಿಯಿದ್ದಂತೆ. ಅದು ಸಣ್ಣದಾದರೆ ಅಥವಾ ನಿಂತರೆ ಎಂಜಿನು ಕಾಯತೊಡಗಿದೆಯೆಂದು ಅರ್ಥ; ಕೂಡಲೇ ನಿಲ್ಲಿಸತಕ್ಕದ್ದು.

೪. ಗೆರೆ ಎಳೆಯುವ ಮೂರು ಪ್ರಶ್ನೆಗಳು

ಯಾವ ಕೆಲಸಕ್ಕೆ ಕೈಹಾಕುವ ಮೊದಲೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು: ಕೆಲಸ ಸರಿಯಾಯಿತೇ ಇಲ್ಲವೇ ಎಂಬುದನ್ನು ದಡದಲ್ಲಿಯೇ ನೋಡಿ ತಿಳಿಯಬಹುದೇ? ಪ್ಲಗ್ಗು ಬದಲಿಸಿದರೆ ನೀರು ತುಂಬಿದ ಡ್ರಮ್ಮಿನಲ್ಲಿ ಮೋಟಾರನ್ನು ಓಡಿಸಿ ನೋಡಬಹುದು. ಹಲ್ಲುಚಕ್ರಗಳ ನಡುವಿನ ಸಂದು ಕೂದಲೆಳೆಯಷ್ಟು ತಪ್ಪಿದ್ದರೆ ಡ್ರಮ್ಮಿನಲ್ಲಿ ಅದು ಗೊತ್ತಾಗುವುದಿಲ್ಲ. ಬಲೆ ತುಂಬಿ ಭಾರ ಬಿದ್ದಾಗ, ದಡದಿಂದ ದೂರದಲ್ಲಿ, ಗೊತ್ತಾಗುತ್ತದೆ.

ಎರಡನೆಯದು: ಮನೆಯಲ್ಲಿಲ್ಲದ ವಿಶೇಷ ಹತ್ಯಾರೋ ಅಳತೆಯ ಸಾಧನವೋ ಬೇಕೇ? ಬೇಕಾದಲ್ಲಿ ಸುತ್ತಿಗೆಯಿಂದ ಅದರ ಕೆಲಸ ಮಾಡಿಸಲು ಹೋಗಬಾರದು. ಮೋಟಾರಿನ ಮೈ ಬಹುಪಾಲು ಅಲ್ಯೂಮಿನಿಯಮ್ಮು. ಒಂದು ತಪ್ಪು ಏಟಿಗೆ ಬಿರಿಯುತ್ತದೆ, ಒಂದು ಹೆಚ್ಚಿನ ತಿರುವಿಗೆ ಒಳಮರೆ ಸವೆಯುತ್ತದೆ.

ಮೂರನೆಯದು: ಕೆಲಸ ಕೆಟ್ಟರೆ ಏನು ಹೋಗುತ್ತದೆ? ಒಂದು ವಾಷರು ಹೋಗುತ್ತದೆಯೋ, ಇಡೀ ಗೇರ್‌ಪೆಟ್ಟಿಗೆ ಹೋಗುತ್ತದೆಯೋ, ಜನರು ಹೋಗುತ್ತಾರೆಯೋ?

ದಡದಲ್ಲಿ ಪರೀಕ್ಷಿಸಬಹುದಾದ, ಸಾಮಾನ್ಯ ಹತ್ಯಾರಿನಿಂದ ಆಗುವ, ತಪ್ಪಿದರೆ ಅಲ್ಪದರಲ್ಲಿ ಮುಗಿಯುವ ಕೆಲಸ ನಮ್ಮದು. ದೋಷ ಕಡಲಿನಲ್ಲಿಯೇ ಹೊರಬೀಳುವ ಕೆಲಸ ಬಲ್ಲವನದು. ಇದೇ ಗೆರೆ.

೫. ನಾವೇ ಮಾಡಿಕೊಳ್ಳತಕ್ಕ ಕೆಲಸಗಳು

ತೊಳೆಯುವುದು. ಉಪ್ಪಿನಷ್ಟು ಮೋಟಾರನ್ನು ತಿನ್ನುವ ವೈರಿ ಬೇರೊಂದಿಲ್ಲ. ಕಡಲಿನಿಂದ ಬಂದೊಡನೆ ಬಾವಿಯ ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ, ನೀರು ಹೀರುವ ತೂತುಗಳು ಪೂರ್ತಿ ಮುಳುಗುವಂತೆ ಇಳಿಸಿ, ಕೆಲವು ನಿಮಿಷ ಓಡಿಸಬೇಕು. ಫ್ಯಾನನ್ನು ಮೊದಲೇ ಬಿಚ್ಚಿಡುವುದು ಕ್ಷೇಮ. ನೀರಿಲ್ಲದೆ ಕ್ಷಣಕಾಲ ಓಡಿಸಿದರೂ ಇಂಪೆಲ್ಲರಿನ ರಬ್ಬರು ಉಜ್ಜಿ ಸುಡುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂದಿಗೂ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇಂಧನ. ಸೀಮೆಎಣ್ಣೆಯ ಮೋಟಾರುಗಳನ್ನು ಪೆಟ್ರೋಲಿನಿಂದ ಹೊತ್ತಿಸಿ, ಎಂಜಿನು ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ಬದಲಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಹಾಗೆ ಮಾಡದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಎಷ್ಟು ಹಗ್ಗ ಎಳೆದರೂ ಹೊತ್ತುವುದಿಲ್ಲ. “ಮೋಟಾರು ಕೆಟ್ಟಿತು” ಎಂದು ಅಂಗಡಿಗೆ ಹೊತ್ತೊಯ್ಯುವವುಗಳಲ್ಲಿ ಇಂಥವೂ ಇರುತ್ತವೆ. ನೀರು ಎಣ್ಣೆಗಿಂತ ಭಾರವಾದುದರಿಂದ ಕ್ಯಾನಿನ ತಳದಲ್ಲಿ ನಿಲ್ಲುತ್ತದೆ. ತಳದ ಎಣ್ಣೆಯನ್ನು ಸುರಿಯದೆ, ಸಣ್ಣ ಜಾಲರಿಯ ಆಲಿಕೆಯಿಂದ ಸೋಸಿ ತುಂಬಬೇಕು.

ಎರಡು ಸ್ಟ್ರೋಕಿನ ಮೋಟಾರಿಗೆ ಇಂಧನದಲ್ಲಿಯೇ ಆಯಿಲ್ ಬೆರೆಸಬೇಕು. ಎಷ್ಟೆಂಬುದು ಆಯಾ ಮೋಟಾರಿನ ಕೈಪಿಡಿಯಲ್ಲಿದೆ. ೫೦ಕ್ಕೆ ೧ ಎಂದಿದ್ದರೆ ೨೦ ಲೀಟರಿಗೆ ೪೦೦ ಮಿಲಿಲೀಟರು. ಕಣ್ಣಂದಾಜಿಗೆ ಸುರಿಯಬಾರದು: ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಗೆರೆ ಹಾಕಿದ ಒಂದು ಅಳತೆಯ ಪಾತ್ರೆ ಸಾಕು.

ಪ್ಲಗ್ಗು. ಬಿಚ್ಚಿ, ಮಸಿ ತೆಗೆದು, ತುದಿಯ ಸಂದನ್ನು ಫೀಲರ್ ಗೇಜಿನಿಂದ ಕೈಪಿಡಿಯ ಅಳತೆಗೆ ತರಬೇಕು. ಮರಳಿ ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಕೊನೆಯಲ್ಲಿ ಮಾತ್ರ ಸ್ಪ್ಯಾನರನ್ನು ಹಾಕಬೇಕು. ಓರೆಯಾಗಿ ಹೊಕ್ಕ ಪ್ಲಗ್ಗು ಒಳಮರೆಯನ್ನು ಕೆಡಿಸುತ್ತದೆ.

ಫ್ಯಾನು ಮತ್ತು ನೈಲಾನಿನ ಎಳೆ. ಮೊದಲು ಪ್ಲಗ್ಗಿನ ತಂತಿಯನ್ನು ಕಳಚಬೇಕು. ಕೈಯಿಂದ ಫ್ಯಾನು ತಿರುಗಿಸುವಾಗ ಎಂಜಿನು ಹೊತ್ತಿಕೊಂಡರೆ ಬೆರಳುಗಳು ಹೋಗುತ್ತವೆ. ಆಮೇಲೆ ಸ್ಪ್ಲಿಟ್ ಪಿನ್ನು, ನಟ್ಟು, ವಾಷರುಗಳನ್ನು ತೆಗೆದು ಫ್ಯಾನನ್ನು ಎಳೆಯಬೇಕು. ಅದರ ಹಿಂದೆ ಷಾಫ್ಟಿಗೆ ಸುತ್ತಿಕೊಂಡ ಬಲೆಯ ನೈಲಾನಿನ ಎಳೆ ಎಷ್ಟೋ ಸಲ ಸಿಕ್ಕುತ್ತದೆ. ಈ ಎಳೆ ಬಿಸಿಯಾಗಿ ಬಿಗಿದು ಒಳಗಿನ ರಬ್ಬರ್ ಸೀಲನ್ನು ಕೊರೆಯುತ್ತದೆ. ಸೀಲು ಹೋದರೆ ಗೇರ್‌ಪೆಟ್ಟಿಗೆಗೆ ಉಪ್ಪುನೀರು ಹೋಗುತ್ತದೆ. ಉಪ್ಪುನೀರು ಹೋದರೆ ಬೇರಿಂಗು, ಹಲ್ಲುಚಕ್ರ ಎಲ್ಲಕ್ಕೂ ತುಕ್ಕು. ಒಂದು ಎಳೆ ದಾರವನ್ನು ಸಮಯಕ್ಕೆ ಬಿಡಿಸಿದರೆ ಇಷ್ಟೂ ಉಳಿಯುತ್ತದೆ. ಷಾಫ್ಟಿಗೆ ಗ್ರೀಸು ಹಚ್ಚಿ, ಹೊಸ ಸ್ಪ್ಲಿಟ್ ಪಿನ್ನು ಹಾಕಿ ಮುಗಿಸಬೇಕು.

ಗೇರ್ ಆಯಿಲ್. ಪೆಟ್ಟಿಗೆಗೆ ಎರಡು ಸ್ಕ್ರೂಗಳಿವೆ, ಕೆಳಗೊಂದು, ಮೇಲೊಂದು. ಮೋಟಾರನ್ನು ನೆಟ್ಟಗೆ ನಿಲ್ಲಿಸಿ ಕೆಳಗಿನದನ್ನು ಮೊದಲು, ಮೇಲಿನದನ್ನು ಆಮೇಲೆ ತೆಗೆದರೆ ಹಳೆಯ ಆಯಿಲ್ ಇಳಿಯುತ್ತದೆ. ಹೊಸದನ್ನು ಕೆಳಗಿನ ತೂತಿನಿಂದಲೇ ಒತ್ತಿ ತುಂಬಬೇಕು. ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಹೊರಬಂದಾಗ ಪೆಟ್ಟಿಗೆ ತುಂಬಿತೆಂದು ಅರ್ಥ. ಆಗ ಮೇಲಿನ ಸ್ಕ್ರೂ ಮೊದಲು, ಕೆಳಗಿನದು ಆಮೇಲೆ, ಎರಡಕ್ಕೂ ಹೊಸ ವಾಷರು. ಮೇಲಿನಿಂದ ಸುರಿದರೆ ಒಳಗೆ ಗಾಳಿ ನಿಂತು ಆಯಿಲ್ ಅರೆಯಾಗುತ್ತದೆ.

ಇಳಿದ ಆಯಿಲನ್ನು ಚೆಲ್ಲುವ ಮೊದಲು ನೋಡಬೇಕು. ಹಾಲು ಕಲಸಿದಂತೆ ಬಿಳಿಚಿದ್ದರೆ ನೀರು ಸೇರಿದೆ, ಸೀಲು ಹೋಗಿದೆ. ಬೆರಳಿಗೆ ಲೋಹದ ಚೂರು ತಗುಲಿದರೆ ಹಲ್ಲುಚಕ್ರ ಮುರಿಯುತ್ತಿದೆ. ಇವೆರಡೂ ಅಂಗಡಿಯ ಕೆಲಸಗಳು. ಪತ್ತೆ ಮಾತ್ರ ನಮ್ಮದು.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಕೈಪಿಡಿಗಳಲ್ಲಿ ಸಾಮಾನ್ಯವಾಗಿ “೧೦೦ ಗಂಟೆಗೆ ಅಥವಾ ೬ ತಿಂಗಳಿಗೆ” ಎಂದಿರುತ್ತದೆ. ನಮ್ಮವರು ಆರು ತಿಂಗಳನ್ನು ಹಿಡಿದುಕೊಳ್ಳುತ್ತಾರೆ. ಅದು ವಾರಕ್ಕೊಮ್ಮೆ ವಿಹಾರಕ್ಕೆ ಹೋಗುವವರ ಲೆಕ್ಕ. ದಿನಕ್ಕೆ ೫ ಗಂಟೆ ಓಡುವ ಮೋಟಾರಿಗೆ ೧೦೦ ಗಂಟೆ ೨೦ ದಿನದಲ್ಲಿ ಮುಗಿಯುತ್ತದೆ. ದುಡಿಯುವ ದೋಣಿಗೆ ಗಂಟೆಯ ಲೆಕ್ಕವೇ ಲೆಕ್ಕ.

ಸತುವಿನ ತುಂಡು. ಮೋಟಾರಿನ ಕೆಳಭಾಗದಲ್ಲಿ ಸತುವಿನದೋ ಅಲ್ಯೂಮಿನಿಯಮ್ಮಿನದೋ ಒಂದು ಗಟ್ಟಿ ತುಂಡನ್ನು ಬಿಗಿದಿರುತ್ತಾರೆ. ಉಪ್ಪುನೀರು ಮೋಟಾರಿನ ಮೈಯನ್ನು ತಿನ್ನುವ ಬದಲು ಇದನ್ನು ತಿನ್ನಲಿ ಎಂದು ಅದನ್ನು ಅಲ್ಲಿಟ್ಟಿರುವುದು. ತಾನು ಸವೆದು ಒಡೆಯನನ್ನು ಕಾಯುವ ಸೇವಕ. ಅರ್ಧಕ್ಕಿಂತ ಹೆಚ್ಚು ಸವೆದಾಗ ಬದಲಿಸಬೇಕು. ಅಂದಕ್ಕೆಂದು ಇದಕ್ಕೆ ಬಣ್ಣ ಬಳಿಯಬಾರದು. ಬಳಿದರೆ ಕೆಲಸ ಮಾಡುವುದಿಲ್ಲ.

ಇಂಪೆಲ್ಲರು. ಇದು ಮೇಲಿನವುಗಳಿಗಿಂತ ಸ್ವಲ್ಪ ಕಷ್ಟದ್ದು. ಬಲ್ಲವರ ಪಕ್ಕದಲ್ಲಿ ಒಂದೆರಡು ಸಲ ನೋಡಿ ಕಲಿಯತಕ್ಕದ್ದು. ಗೇರ್‌ಪೆಟ್ಟಿಗೆಯ ಬೋಲ್ಟುಗಳನ್ನೂ ಗೇರ್ ಬದಲಿಸುವ ಕಂಬಿಯ ಜೋಡಣೆಯನ್ನೂ ಬಿಚ್ಚಿ ಪೆಟ್ಟಿಗೆಯನ್ನು ಕೆಳಕ್ಕೆ ಎಳೆದರೆ ಪಂಪು ಕಾಣುತ್ತದೆ. ರೆಕ್ಕೆ ಮುರಿದಿದ್ದರೆ ಮುರಿದ ತುಂಡನ್ನು ಹುಡುಕಿ ತೆಗೆಯಲೇಬೇಕು. ಅದು ನೀರಿನ ದಾರಿಯಲ್ಲಿ ಸಿಕ್ಕಿಕೊಂಡರೆ ಹೊಸ ಇಂಪೆಲ್ಲರು ಹಾಕಿಯೂ ಫಲವಿಲ್ಲ. ಹೊಸದನ್ನು ಸೋಪುನೀರಿನಲ್ಲಿ ನೆನೆಸಿ, ಷಾಫ್ಟನ್ನು ಅದು ಓಡುವ ದಿಕ್ಕಿಗೇ, ಸಾಮಾನ್ಯವಾಗಿ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ, ತಿರುಗಿಸುತ್ತ ಮುಚ್ಚಳವನ್ನು ಕೂರಿಸಬೇಕು. ಆಗ ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಕೊನೆಗೆ ಡ್ರಮ್ಮಿನಲ್ಲಿ ಓಡಿಸಿ, ಹಿಂದಿನ ತೂತಿನಲ್ಲಿ ಧಾರೆ ಬಲವಾಗಿ ಬರುವುದನ್ನೂ ಗೇರು ಮುಂದಕ್ಕೂ ಹಿಂದಕ್ಕೂ ಬೀಳುವುದನ್ನೂ ನೋಡಬೇಕು. ಈ ಪರೀಕ್ಷೆಯಿರುವುದರಿಂದಲೇ ಈ ಕೆಲಸ ಗೆರೆಯ ಈಚೆಗಿದೆ.

೬. ಅಂಗಡಿಗೆ ಬಿಡತಕ್ಕ ಕೆಲಸಗಳು

ಗೇರ್‌ಪೆಟ್ಟಿಗೆಯ ಒಳಗಿನ ಹಲ್ಲುಚಕ್ರ ಮತ್ತು ಬೇರಿಂಗು. ಹಲ್ಲುಗಳ ನಡುವಿನ ಸಂದನ್ನು ಕಾಗದದಷ್ಟು ತೆಳುವಾದ ತಗಡಿನ ಬಿಲ್ಲೆಗಳನ್ನಿಟ್ಟು ಹೊಂದಿಸುತ್ತಾರೆ. ಅದಕ್ಕೆ ಅಳತೆಯ ಸಾಧನಗಳು ಬೇರೆಯೇ ಇವೆ. ಒಂದು ಬಿಲ್ಲೆ ಹೆಚ್ಚು ಕಡಿಮೆಯಾದರೆ ಹೊಸ ಹಲ್ಲುಚಕ್ರವೂ ಬೇಗನೆ ತಿಂದುಹೋಗುತ್ತದೆ.

ಫ್ಲೈವೀಲು ಮತ್ತು ಅದರ ಕೆಳಗಿನ ಕಿಡಿಯ ವ್ಯವಸ್ಥೆ. ಇದನ್ನು ಎಬ್ಬಿಸಲು ಪುಲ್ಲರ್ ಎಂಬ ಹತ್ಯಾರು ಬೇಕು. ಸುತ್ತಿಗೆ ಬಿದ್ದರೆ ಒಳಗಿನ ಆಯಸ್ಕಾಂತಗಳೂ ಕ್ರ್ಯಾಂಕು ಷಾಫ್ಟೂ ಕೆಡುತ್ತವೆ.

ಪಿಸ್ಟನ್ನು, ರಿಂಗು, ಕ್ರ್ಯಾಂಕು. ಇಲ್ಲಿ ಪ್ರತಿ ಬೋಲ್ಟಿಗೂ ಇಷ್ಟೇ ಬಿಗಿಯೆಂಬ ಅಳತೆಯಿದೆ, ಬಿಗಿಯುವ ಕ್ರಮವಿದೆ. ಟಾರ್ಕ್ ರೆಂಚು ಇಲ್ಲದವರು ಕೈಹಾಕಬಾರದು. ಹೊಸ ಮಾದರಿಗಳಲ್ಲಿ ಇಂಧನವನ್ನು ವಿದ್ಯುತ್ ಯಂತ್ರವೇ ಅಳೆದು ಚಿಮ್ಮಿಸುವ ವ್ಯವಸ್ಥೆ ಬಂದಿದೆ. ಅದರ ದೋಷವನ್ನು ಪರೀಕ್ಷಿಸಲು ಉಪಕರಣವೇ ಬೇಕು.

ಕಡಲಿಗೆ ಬಿದ್ದ ಮೋಟಾರು. ಇದರಲ್ಲಿ ಎರಡು ಪಾಲಿದೆ. ಮೇಲೆತ್ತಿದ ಕೂಡಲೇ ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಪ್ಲಗ್ಗು ಬಿಚ್ಚಿ ಒಳಗಿನ ನೀರನ್ನು ಬಸಿಯುವುದು ನಮ್ಮ ಪಾಲು. ಓಡುತ್ತಿರುವಾಗಲೇ ಬಿದ್ದಿದ್ದರೆ ಹಗ್ಗವನ್ನು ಬಲವಂತವಾಗಿ ಎಳೆಯಬಾರದು. ಸಿಲಿಂಡರಿಗೆ ನೀರು ಹೊಕ್ಕು ಕನೆಕ್ಟಿಂಗ್ ರಾಡು ಬಾಗಿರಬಹುದು. ನಂತರ ತಡಮಾಡದೆ ಅಂಗಡಿಗೆ. ಆ ದಿನವೇ ಒಯ್ಯಲು ಸಾಧ್ಯವಿಲ್ಲದಿದ್ದರೆ ಬಿಸಿಲಿನಲ್ಲಿ ಒಣಗಿಸುವ ಬದಲು ಸಿಹಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಡುವುದು ಮೇಲು. ಒದ್ದೆಯಾದ ಕಬ್ಬಿಣಕ್ಕೆ ಗಾಳಿ ತಗುಲಿದಾಗಲೇ ತುಕ್ಕು ನೆಗೆಯುವುದು.

೭. ಕಾಸಿನ ಲೆಕ್ಕ

ಇಲ್ಲಿ ಕೊಡುವ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಕಲ್ಪಿಸಿದವು. ವಾಚಕರು ತಂತಮ್ಮ ಊರಿನ ದರವನ್ನು ಹಾಕಿಕೊಳ್ಳಬೇಕು.

ವರ್ಷದಲ್ಲಿ ೧೬೦ ದಿನ, ದಿನಕ್ಕೆ ೫ ಗಂಟೆ, ಒಟ್ಟು ೮೦೦ ಗಂಟೆ ಮೋಟಾರು ಓಡಿತೆನ್ನೋಣ. ಗೇರ್ ಆಯಿಲನ್ನು ೮ ಸಲ ಬದಲಿಸಬೇಕು. ಆಯಿಲಿನ ಬೆಲೆ ಎಲ್ಲಿ ಮಾಡಿಸಿದರೂ ಒಂದೇ. ಕೂಲಿ ಸಲಕ್ಕೆ ೩೦೦ ರೂಪಾಯಿ ಎಂದಿಟ್ಟರೆ ವರ್ಷಕ್ಕೆ ೨,೪೦೦. ಸ್ಪ್ಯಾನರು, ಪ್ಲಗ್ಗಿನ ಸ್ಪ್ಯಾನರು, ಫೀಲರ್ ಗೇಜು, ಇಕ್ಕಳ, ಆಯಿಲ್ ತುಂಬುವ ಪಂಪು ಇವಿಷ್ಟಕ್ಕೆ ೨,೫೦೦ ರೂಪಾಯಿ ಎನ್ನೋಣ. ಮೊದಲ ವರ್ಷ ಹತ್ಯಾರಿನ ಹಣ ಹೆಚ್ಚುಕಡಿಮೆ ಹುಟ್ಟಿತು. ಎರಡನೆಯ ವರ್ಷದಿಂದ ಉಳಿತಾಯ. ಪ್ಲಗ್ಗು, ಫ್ಯಾನುಗಳ ಕೂಲಿ ಇದರಲ್ಲಿ ಸೇರಿಲ್ಲ.

ಕೂಲಿಗಿಂತ ದೊಡ್ಡ ಖರ್ಚು ಇನ್ನೊಂದಿದೆ. ಅದು ಯಾವ ಚೀಟಿಯಲ್ಲಿಯೂ ಕಾಣುವುದಿಲ್ಲ. ಮೋಟಾರನ್ನು ಹೊತ್ತು ಪೇಟೆಗೆ ಹೋಗಿ, ಸರದಿಗೆ ಕಾದು, ಮರಳಿ ತರುವಷ್ಟರಲ್ಲಿ ಒಂದು ದಿನದ ಕಡಲು ಹೋಯಿತು. ಎಂಟು ಸಲಕ್ಕೆ ಎಂಟು ದಿನ. ದೋಣಿಯಲ್ಲಿ ನಾಲ್ವರಿದ್ದರೆ ಮೂವತ್ತೆರಡು ಆಳಿನ ದುಡಿಮೆ.

ಇನ್ನು ತಕ್ಕಡಿಯ ಎದುರು ತಟ್ಟೆ. ಹಲ್ಲುಚಕ್ರ ಕೂರಿಸಲು ಅಂಗಡಿಯವರು ೩,೦೦೦ ಕೂಲಿ ಕೇಳಿದರೆನ್ನೋಣ. ಅದನ್ನು ಉಳಿಸಲು ಹೋಗಿ ಬಿಲ್ಲೆ ತಪ್ಪಾದರೆ ೧೫,೦೦೦ದ ಭಾಗಗಳು ಮತ್ತೆ ಬೇಕು. ಮೋಟಾರು ನಿಲ್ಲುವುದು ಎಲ್ಲಿಯೆಂಬುದನ್ನು ಮೇಲೆ ಹೇಳಿದ್ದೇವೆ. ಸಣ್ಣ ಕೆಲಸಗಳಿಗೆ ಅಂಗಡಿಗೆ ಸುರಿದು, ದೊಡ್ಡ ಕೆಲಸಕ್ಕೆ ಕೈಯಲ್ಲಿ ಕಾಸಿಲ್ಲದೆ ತಾವೇ ಬಿಚ್ಚಲು ಕೂರುವವರುಂಟು. ಕ್ರಮ ತಿರುಗುಮುರುಗಾಗಬೇಕು. ಸಣ್ಣವುಗಳಲ್ಲಿ ಉಳಿಸಿದ್ದು ದೊಡ್ಡದಕ್ಕೆ ಒದಗಬೇಕು.

೮. ಅಂಗಡಿಯವರೊಡನೆ ವ್ಯವಹಾರ

ಒಳ್ಳೆಯ ಮೆಕ್ಯಾನಿಕನು ಊರಿನ ವೈದ್ಯನಷ್ಟೇ ಬೇಕಾದವನು. ಅವನ ಕೂಲಿಗೆ ಗೊಣಗುವುದು ಸಲ್ಲದು. ಅವನು ವರ್ಷಗಟ್ಟಲೆ ಕಲಿತ ವಿದ್ಯೆಗೆ ನಾವು ಕೊಡುವ ಬೆಲೆ ಅದು. ಆದರೆ ಕೊಡುವವನು ಕಣ್ಣುಮುಚ್ಚಿ ಕೊಡಬೇಕಾಗಿಲ್ಲ.

ಏನಾಗುತ್ತಿದೆ, ಯಾವಾಗಿನಿಂದ, ಬಿಸಿಯಾದ ಮೇಲೋ ಮೊದಲೋ, ಯಾವ ಸದ್ದು, ಇವನ್ನು ಚೀಟಿಯಲ್ಲಿ ಬರೆದು ಕೊಡಬೇಕು. “ಎಲ್ಲ ನೋಡಿಬಿಡಿ” ಎಂದರೆ ಎಲ್ಲಕ್ಕೂ ಹಣ ತೆರಬೇಕಾಗುತ್ತದೆ. ಬಿಚ್ಚಿದ ಮೇಲೆ, ಜೋಡಿಸುವ ಮೊದಲು, ಅಂದಾಜು ಕೇಳಬೇಕು. ಬದಲಿಸಿದ ಹಳೆಯ ಭಾಗಗಳನ್ನು ಮರಳಿ ಪಡೆಯಬೇಕು. ಸಾಚಾ ಅಂಗಡಿಯವನು ಇದಕ್ಕೆ ಬೇಸರಿಸುವುದಿಲ್ಲ. ಬಿಲ್ಲಿನಲ್ಲಿ ಭಾಗದ ಸಂಖ್ಯೆಯಿರಲಿ. ಹೊರಡುವ ಮೊದಲು ಅಂಗಡಿಯ ಡ್ರಮ್ಮಿನಲ್ಲಿಯೇ ಓಡಿಸಿ ತೋರಿಸಲು ಕೇಳಬೇಕು.

ಕಾಲವನ್ನೂ ನೋಡಬೇಕು. ಜೂನ್ ಮೊದಲ ವಾರದಲ್ಲಿ ಊರಿನ ಮೋಟಾರುಗಳೆಲ್ಲ ಅಂಗಡಿಯ ಬಾಗಿಲಿನಲ್ಲಿ ಸಾಲು ನಿಂತಿರುತ್ತವೆ. ಅವಸರದ ಕೆಲಸ ಅವಸರದ್ದೇ. ಏಪ್ರಿಲ್ ತಿಂಗಳಿನಲ್ಲಿ ಒಯ್ದರೆ ಕೆಲಸಗಾರನಿಗೂ ಬಿಡುವಿರುತ್ತದೆ, ಭಾಗ ತರಿಸಲೂ ಸಮಯವಿರುತ್ತದೆ.

೯. ದೂರದಲ್ಲಿರುವ ನಾವು ಏನು ಮಾಡಬಹುದು?

ಹಣ ಕಳುಹಿಸುವುದಷ್ಟೇ ನಮ್ಮ ಪಾಲಿಗೆ ಬಂದದ್ದೆಂದು ಭಾವಿಸಬೇಕಾಗಿಲ್ಲ. ಮೂರು ಕೆಲಸಗಳು ನಮ್ಮ ಕೈಯಲ್ಲಿವೆ.

ಒಂದು, ಹಣವನ್ನು ಜೂನ್ ತಿಂಗಳಿನ ಗಾಬರಿಗೆ ಕಾಯದೆ ಏಪ್ರಿಲಿನಲ್ಲಿಯೇ, ಇಂಥ ಭಾಗಕ್ಕೆಂದು ಕೇಳಿ ತಿಳಿದು, ಕಳುಹಿಸುವುದು.

ಎರಡು, ಮೊದಲ ಸಲ ಊರಿಗೆ ಹೋಗುವಾಗ ಉಡುಗೊರೆಯ ಜೊತೆಗೆ ಒಂದು ಒಳ್ಳೆಯ ಸ್ಪ್ಯಾನರ್ ಸೆಟ್ಟು, ಫೀಲರ್ ಗೇಜುಗಳನ್ನು ಒಯ್ಯುವುದು. ಅಗ್ಗದ ಸ್ಪ್ಯಾನರು ನಟ್ಟಿನ ಮೂಲೆಯನ್ನು ಉರುಟು ಮಾಡುತ್ತದೆ. ಕಡಿಮೆ ಸಂಖ್ಯೆಯಲ್ಲಿದ್ದರೂ ಗಟ್ಟಿಯದಿರಲಿ.

ಮೂರನೆಯದು ನಮ್ಮ ಗುಮಾಸ್ತ ಬಂಧುಗಳಿಗೆ ವಿಶೇಷವಾಗಿ ಸಲ್ಲುತ್ತದೆ. ಮೋಟಾರಿನ ಜೊತೆಗೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿದೆಯೆಂದು ಅನೇಕ ಮನೆಗಳಲ್ಲಿ ಅದು ಪೆಟ್ಟಿಗೆಯ ತಳದಲ್ಲಿ ಮಲಗಿದೆ. ದಿನವಿಡೀ ಆಫೀಸಿನಲ್ಲಿ ಇಂಗ್ಲಿಷ್ ಕಾಗದಗಳನ್ನು ಓದಿ ಬರೆಯುವವರು ನಾವು. ಅದರ ಚಿತ್ರವನ್ನು ಫೋನಿನಲ್ಲಿ ತರಿಸಿಕೊಂಡು, ಪ್ಲಗ್ಗಿನ ಸಂದು ಎಷ್ಟು, ಆಯಿಲಿನ ಪ್ರಮಾಣ ಎಷ್ಟು, ಯಾವ ಕೆಲಸ ಎಷ್ಟು ಗಂಟೆಗೆ, ಭಾಗದ ಸಂಖ್ಯೆ ಏನು, ಇವಿಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಕಳುಹಿಸಬಹುದು. ಬಲಗಡೆಯ ಪುಟ ಖಾಲಿಯಿರಲಿ. ಊರಿನಲ್ಲಿರುವವರು ಯಾವ ದಿನ ಏನು ಮಾಡಿದೆವೆಂದು ಅಲ್ಲಿ ಬರೆಯಲಿ. ನಾಲ್ಕು ಭಾನುವಾರಗಳ ಕೆಲಸ. ಒಂದು ಮನೆಯ ನೋಟ್‌ಬುಕ್ಕು ಅದೇ ಮಾದರಿಯ ಮೋಟಾರಿರುವ ಹತ್ತು ಮನೆಗಳಿಗೆ ಆಗುತ್ತದೆ. ಬರೆಯಲು ತೊಡಗುವವರಿಗೆ ವಾಚನಾಲಯದ ಮೇಜು, ನಿಘಂಟು ಎರಡೂ ಸಿದ್ಧವಾಗಿವೆ.

ಕಡಲಿಗೆ ಹೊರಡುವ ದೋಣಿಯಲ್ಲಿ ಒಂದು ಜೊತೆ ಹೊಸ 
ಪ್ಲಗ್ಗು, ಪ್ಲಗ್ಗಿನ ಸ್ಪ್ಯಾನರು, ಎರಡು ಸ್ಪ್ಲಿಟ್ ಪಿನ್ನು, ಇಕ್ಕಳ, ಚಾಕು, ಹೊತ್ತಿಸುವ ಹಗ್ಗ ಇವಿಷ್ಟು ನೀರು ಹೊಗದ ಚೀಲದಲ್ಲಿ ಕಟ್ಟಿರಬೇಕು. ಎಲ್ಲರಿಗೂ ಲೈಫ್ ಜಾಕೆಟ್ಟು ಇರಬೇಕು. ಮೋಟಾರು ಎಷ್ಟೇ ಸರಿಯಿರಲಿ, ಒಂದು ಜೊತೆ ಹುಟ್ಟು ದೋಣಿಯಲ್ಲಿರಲೇಬೇಕು.

ಮನನಕ್ಕೆ ಪ್ರಶ್ನೆಗಳು

೧. ಗೇರ್ ಆಯಿಲನ್ನು ಕೆಳಗಿನ ತೂತಿನಿಂದ ತುಂಬುವುದೇಕೆ?
೨. ಇಳಿದ ಆಯಿಲ್ ಬಿಳಿಚಿದ್ದರೆ ಯಾವ ಭಾಗ ಕೆಟ್ಟಿದೆ? ಅದಕ್ಕೆ ಬಲೆಯ ಎಳೆ ಹೇಗೆ ಕಾರಣವಾಗಬಹುದು?
೩. ದಿನಕ್ಕೆ ೪ ಗಂಟೆ ಓಡುವ ಮೋಟಾರಿಗೆ ೧೦೦ ಗಂಟೆ ಎಷ್ಟು ದಿನದಲ್ಲಿ ತುಂಬುತ್ತದೆ?
೪. ಇಂಪೆಲ್ಲರು ಬದಲಿಸುವುದು ನಮ್ಮ ಕೆಲಸ, ಹಲ್ಲುಚಕ್ರ ಕೂರಿಸುವುದು ಅಂಗಡಿಯ ಕೆಲಸ. ಈ ಭೇದಕ್ಕೆ ಕಾರಣವೇನು?
೫. ನಿಮ್ಮ ಮನೆಯಲ್ಲಿರುವ ಯಾವುದಾದರೊಂದು ಯಂತ್ರಕ್ಕೆ ಈ ಪಾಠದ ಮೂರು ಪ್ರಶ್ನೆಗಳನ್ನು ಹಾಕಿ, ಕೈಯಾರೆ ಮಾಡತಕ್ಕ ಕೆಲಸಗಳ ಪಟ್ಟಿಯನ್ನು ಬರೆಯಿರಿ.